ಮೊದಲು ಮೌಸಿನ ಡುಬ್ಬ ನೋಡಿ

ಎಮ್ಮಿಗನೂರಿನ ಹುಡುಗನೊಬ್ಬ ಹೊಸಪೇಟೆಗೆ ಹೋಗಿ ಗೇಮಿಂಗ್ ಮೌಸ್ ತಂದರೆ ಗೆಳೆಯರು ಮೊದಲು ಕೇಳುವುದು, ‘ಎಷ್ಟು ಡಿಪಿಐ ಐತಿ?’ ಆಮೇಲೆ, ‘ಲೈಟ್ ಬರ್ತಾವೇನು?’ ಅಂಗೈಗೆ ಇಟ್ಟುಕೊಂಡು ನೋಡುವವರು ಒಬ್ಬರೂ ಇಲ್ಲ. ಅದೇ ಊರಲ್ಲಿ ಭತ್ತದ ಕೊಯ್ಲಿಗೆ ಕುಡುಗೋಲು ಕೊಳ್ಳುವ ಹೆಣ್ಣುಮಗಳು ಹಿಡಿಯನ್ನು ಹಿಂದೆ ಮುಂದೆ ತಿರುವಿ, ಗಾಳಿಯಲ್ಲಿ ಎರಡು ಸಲ ಬೀಸಿ, ಆಮೇಲಷ್ಟೇ ದುಡ್ಡು ಎಣಿಸುತ್ತಾಳೆ. ಮೌಸ್ ಕೊಳ್ಳುವವರು ಅವಳ ಹತ್ತಿರ ಕಲಿಯಬೇಕು.

ಡಿಪಿಐ ಅಂದರೆ ಮೌಸ್ ಒಂದಿಂಚು ಸರಿದರೆ ತೆರೆಯ ಮೇಲಿನ ಬಾಣ ಎಷ್ಟು ಚುಕ್ಕಿ ಓಡುತ್ತದೆಂಬ ಲೆಕ್ಕ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಬ್ಬಿಯ ಮೇಲೆ 25,000 ಎಂದು ಅಚ್ಚಾಗಿರುತ್ತದೆ. ಕೌಂಟರ್-ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡಿ ಹೊಟ್ಟೆ ಹೊರೆಯುವವರಲ್ಲಿ ಬಹುಪಾಲು ಮಂದಿ ಆಡುವುದು 400 ಅಥವಾ 800ರಲ್ಲಿ. ಇನ್ನು ಏಳು ಬಣ್ಣದ ದೀಪ: ಆಡುವಾಗ ಅದರ ಮೇಲೆ ಕೈ ಮುಚ್ಚಿರುತ್ತದೆ.

ನೋಡಬೇಕಾದದ್ದು ಡುಬ್ಬ. ಮೌಸನ್ನು ಮೇಜಿನ ಮೇಲಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿದರೆ ಬೆನ್ನಿನ ಗೆರೆ ಎಲ್ಲಿ ಅತಿ ಎತ್ತರಕ್ಕೇರಿ ಇಳಿಯುತ್ತದೆಂದು ಕಾಣುತ್ತದೆ. ಆ ಎತ್ತರ ನಡುವಿನಲ್ಲಿದ್ದು ಇಳಿಜಾರು ನಿಧಾನವಾಗಿದ್ದರೆ ಇಡೀ ಅಂಗೈ ಒರಗಿ ಕೂರುತ್ತದೆ. 2006ರಲ್ಲಿ ಬಂದ ರೇಜರ್ ಡೆತ್‌ಆಡರ್ ಈ ಬಗೆಯದು. ಡುಬ್ಬ ಹಿಂದಕ್ಕೆ ಸರಿದಿದ್ದರೆ ಅಂಗೈಯ ಬುಡ ಮಾತ್ರ ತಾಗಿ, ಬೆರಳುಗಳು ಹದ್ದಿನ ಉಗುರಿನಂತೆ ಬಾಗುತ್ತವೆ. ಇನ್ನು ಕೆಲವರು ಬೆರಳ ತುದಿಯಲ್ಲೇ ಆಡುತ್ತಾರೆ. ಗುರಿಯನ್ನು ಕೆಳಗಿಳಿಸಲು ಅವರು ಮೌಸನ್ನು ಅಂಗೈಯೊಳಕ್ಕೆ ಎಳೆದುಕೊಳ್ಳಬೇಕು. ಅದಕ್ಕೆ ಅಂಗೈ ಕೆಳಗೆ ಖಾಲಿ ಜಾಗ ಬೇಕು. ಡುಬ್ಬ ಎತ್ತರವಿದ್ದರೆ ಅಲ್ಲಿ ತಡೆಯುತ್ತದೆ, ಗುಂಡು ಶತ್ರುವಿನ ತಲೆಯ ಮೇಲೆ ಹಾದುಹೋಗುತ್ತದೆ. ಹುಡುಗರು ಆಗ ಇಂಟರ್‌ನೆಟ್‌ಗೆ ಬೈಯುತ್ತಾರೆ!

ಈ ಬರಹಗಾರನಿಗೆ ಇದು ಹೊಳೆದದ್ದು ಸುಮಾರು ಹದಿನೈದು ವರ್ಷದ ಹಿಂದೆ, ಹೊಸಪೇಟೆಯ ಒಂದು ಬ್ರೌಸಿಂಗ್ ಸೆಂಟರಿನಲ್ಲಿ. ಚಪ್ಪಟೆ ಮೌಸಿನಲ್ಲಿ ಗಂಟೆಗಟ್ಟಲೆ ಆಡಿ ಮಣಿಕಟ್ಟು ಸೆಡೆತುಹೋಗುತ್ತಿತ್ತು. ಒಂದು ದಿನ ಮೂಲೆಯ ಕಂಪ್ಯೂಟರ್ ಸಿಕ್ಕಿತು. ಅದಕ್ಕೆ ಮೈಕ್ರೋಸಾಫ್ಟ್‌ನ ಹಳೆಯ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ 3.0 ಹಾಕಿದ್ದರು. ಬಲಕ್ಕೆ ವಾಲಿದ ಬೆನ್ನು, ಹೆಬ್ಬೆರಳಿಗೆಂದೇ ತೋಡಿದಂಥ ತಗ್ಗು, ಎಷ್ಟೋ ಕೈ ಸವೆಸಿ ನುಣುಪಾದ ಮೈ. ಆ ಸಂಜೆ ಮೂರು ಗಂಟೆ ಆಡಿದರೂ ಕೈ ಇದೆ ಅನ್ನುವುದೇ ನೆನಪಾಗಲಿಲ್ಲ.

ಆ ರೂಪಕ್ಕೆ ಒಂದು ವಂಶಾವಳಿಯೇ ಇದೆ. 2001ರಲ್ಲಿ ಡಲ್ಲಾಸ್‌ನ ಸಿಪಿಎಲ್ ಎಂಬ ಕೌಂಟರ್-ಸ್ಟ್ರೈಕ್ ಪಂದ್ಯಾವಳಿ ಗೆದ್ದ ನಿಂಜಾಸ್ ಇನ್ ಪೈಜಾಮಾಸ್ ತಂಡದಲ್ಲಿ ಸ್ವೀಡನ್ನಿನ ಎಮಿಲ್ ಕ್ರಿಸ್ಟೆನ್‌ಸನ್ ಇದ್ದ. ಆಟದಲ್ಲಿ ಆತನ ಹೆಸರು ಹೀಟನ್. ಮುಂದೆ ಝೋವಿ ಕಂಪನಿ ಆತನ ಜೊತೆ ಸೇರಿ, ಎಕ್ಸ್‌ಪ್ಲೋರರ್‌ನ ಮೈಕಟ್ಟನ್ನೇ ತಿದ್ದಿ ಮೌಸ್ ರೂಪಿಸಿತು. ಅದರ ಹೆಸರಿನ ‘ಇಸಿ’ ಆತನ ಹೆಸರಿನ ಮೊದಲಕ್ಷರಗಳೇ. 1964ರಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಕಲ್ಪನೆಗೆ ಬಿಲ್ ಇಂಗ್ಲಿಷ್ ಮಾಡಿಕೊಟ್ಟ ಮೊದಲ ಮೌಸ್ ಬರೀ ಮರದ ಡಬ್ಬಿಯಾಗಿತ್ತು ಅನ್ನುವುದನ್ನು ನೆನೆದರೆ, ಈ ಬೆನ್ನಿನ ಬಾಗನ್ನು ಬೆರಳಿಂದ ಸವರುತ್ತಾ ಕೂರಬೇಕೆನಿಸುತ್ತದೆ.

ತೂಕದ ಹುಚ್ಚು ಈಚಿನದು. ಲಾಜಿಟೆಕ್ 2018ರ ಜಿ ಪ್ರೋ ವೈರ್‌ಲೆಸ್‌ನ 80 ಗ್ರಾಂ ತೂಕವನ್ನು 2020ರ ಸೂಪರ್‌ಲೈಟ್‌ನಲ್ಲಿ 63 ಗ್ರಾಂಗೂ ಕೆಳಗಿಳಿಸಿತು, ಆದರೆ ಮೈಯ ಆಕಾರಕ್ಕೆ ಕೈ ಹಚ್ಚಲಿಲ್ಲ. ಎಡ ಬಲ ಒಂದೇ ತೆರನಾದ ಆ ಆಕಾರ ಎಡಗೈಯವರ ಹಿಡಿತಕ್ಕೂ ಹೊಂದುತ್ತದೆ. ವೈರ್, ಗುಂಡಿಯ ಸದ್ದು, ಅಡಿಯ ಜಾರುಪಟ್ಟಿ, ಇವು ರೂಢಿಯಾಗುತ್ತವೆ, ಇಲ್ಲವೇ ಬದಲಿಸಬಹುದು.

ಅಂಗಡಿಯಲ್ಲಿ ಕಣ್ಣು ಮುಚ್ಚಿ ಹಿಡಿದು ನೋಡಿ. ಹೆಬ್ಬೆರಳು, ಉಂಗುರ ಬೆರಳ ನಡುವೆ ಒಂದಿಂಚು ಎತ್ತಿ ಇಳಿಸಿ. ಬಿಗಿ ಹಿಡಿಯದೆ ಎದ್ದು ಬರುವ ಮೌಸಿನ ಪಕ್ಕಗಳು ಬುಡದಲ್ಲಿ ಕೊಂಚ ಒಳಗೆ ಸರಿದಿರುತ್ತವೆ. ಕಿರುಬೆರಳು ಪಕ್ಕದಲ್ಲಿ ಜಾಗ ಸಿಗದೆ ಮ್ಯಾಟಿನ ಮೇಲೆ ಉಜ್ಜುತ್ತಿದ್ದರೆ ಇನ್ನೊಂದು ಅಳತೆಯದನ್ನು ಕೇಳಿ: ಇಸಿ1ರ ಉದ್ದ 128 ಮಿಲಿಮೀಟರ್, ಇಸಿ2ರದು 120.