ಹುಡ್ ಕೆಟ್ಟರೆ ಉದ್ಯಮಬಾಗಕ್ಕೆ

ಗುಂಡಿ ಒತ್ತಿದರೆ ತಾನೇ ಮಡಚಿಕೊಳ್ಳುವ ಛಾವಣಿಯ, ಅಂದರೆ ಹುಡ್‌ನ ಹಳೆಯ ವಿದೇಶಿ ಕಾರೊಂದು ಬೆಳಗಾವಿಯ ಸದಾಶಿವನಗರದ ಯಾವುದೋ ಕಾಂಪೌಂಡಿನಲ್ಲಿದೆ, ಹುಡ್ ಅರ್ಧಕ್ಕೇ ನಿಂತಿದೆ ಎಂದಿಟ್ಟುಕೊಳ್ಳಿ. ಬರುವ ಸಲಹೆ ಎರಡೇ. ಪಂಪು, ಸಿಲಿಂಡರ್ ಇಡೀ ಸೆಟ್ಟನ್ನೇ ಕಂಪನಿಯಿಂದ ತರಿಸಿ. ಇಲ್ಲವೇ ಮುಚ್ಚಿ ಹಾಗೇ ಬಿಡಿ, ಬೆಳಗಾವಿಯ ಮಳೆಗೆ ತೆರೆದ ಕಾರು ಯಾಕೆ ಬೇಕು? ಮೊದಲನೆಯದು ದುಂದು, ಎರಡನೆಯದು ಕಾರಿಗೇ ಕೇಡು.

ಹುಡ್ ಅಲ್ಲಾಡದಿದ್ದರೆ ಪಂಪು ಸತ್ತಿದೆ ಎಂದೇ ಅರ್ಥವಲ್ಲ. ಅನೇಕ ಮಾದರಿಗಳಲ್ಲಿ ಡಿಕ್ಕಿಯೊಳಗಿನ ಸಾಮಾನಿನ ಪರದೆಯನ್ನು ಪೂರ್ತಿ ಎಳೆದು ಸಿಕ್ಕಿಸದಿದ್ದರೆ ಕಂಪ್ಯೂಟರ್ ಹುಡ್ ತೆರೆಯಲು ಒಪ್ಪುವುದೇ ಇಲ್ಲ. ಬ್ಯಾಟರಿ ಸೊರಗಿದ್ದರೂ, ಒಂದು ಸಣ್ಣ ಸ್ವಿಚ್ ಕೈಕೊಟ್ಟರೂ ಅದೇ ಕತೆ. ಗುಂಡಿ ಒತ್ತಿದಾಗ ಪಂಪಿನ ಗುಂಯ್ ಸದ್ದು ಕೇಳುತ್ತದೆಯೇ? ಕೇಳಿದರೆ ಎಣ್ಣೆ ನೋಡಿ, ಕೇಳದಿದ್ದರೆ ಫ್ಯೂಸು, ರಿಲೇ, ವಯರಿಂಗ್ ನೋಡಿ. ಇಷ್ಟನ್ನೂ ನೋಡದೆ ಬಿಲ್ ಬರೆಯುವುದು ಮಿಸ್ತ್ರಿಕೆಯಲ್ಲ.

ಇನ್ನು ಎಣ್ಣೆ ಸೋರಿಕೆ. 1989ರಲ್ಲಿ ಬಂದ ಮರ್ಸಿಡಿಸ್ ಎಸ್ಎಲ್ ಕಾರಿನಲ್ಲಿ ಮುಂಗಾಜಿನ ಮೇಲಂಚಿನ ಲಾಕ್ ಸಿಲಿಂಡರ್ ಸೋರಿ, ಎಣ್ಣೆ ಒಳಗನ್ನಡಿಯ ಹತ್ತಿರ ತೊಟ್ಟಿಕ್ಕುವುದು ಪ್ರಸಿದ್ಧ ಕಾಯಿಲೆ. ಅಲ್ಲಿ ಹಾಳಾಗಿರುವುದು ಸಾಮಾನ್ಯವಾಗಿ ಉಕ್ಕಲ್ಲ, ರಾಡಿನ ಸುತ್ತಲಿನ ಸೀಲ್. ಬೆರಳಿನ ಉಂಗುರದಷ್ಟಿರುವ ಆ ವಸ್ತುವಿಗಾಗಿ ಇಡೀ ಸಿಲಿಂಡರನ್ನು ಎಸೆಯುವ ಸಲಹೆ ಬೇರೆ ಊರಿನಲ್ಲಿ ಕ್ಷಮ್ಯವೇನೋ, ಬೆಳಗಾವಿಯಲ್ಲಿ ಅಲ್ಲ. ಎಣ್ಣೆಯ ಒತ್ತಡದಲ್ಲಿ ನಡೆಯುವ ಯಂತ್ರಗಳು ಈ ಊರಿಗೆ ಹೊಸತಲ್ಲ. ಖಾನಾಪುರ ರಸ್ತೆಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿರುವ ಬೆಮ್ಕೊ ಹೈಡ್ರಾಲಿಕ್ಸ್ ಹುಟ್ಟಿದ್ದು 1957ರಲ್ಲಿ. ಸುರೇಶ ಹುಂದ್ರೆ ಕಟ್ಟಿದ ಪಾಲಿಹೈಡ್ರಾನ್ ಕಂಪನಿ ಇಂಥ ಪಂಪು, ವಾಲ್ವುಗಳಿಗೇ ಹೆಸರಾಯಿತು. ಇವು ಕಾರು ರಿಪೇರಿ ಅಂಗಡಿಗಳಲ್ಲ, ಬಾಗಿಲು ತಟ್ಟಬೇಕಾಗಿಲ್ಲ. ಆದರೆ ಇಂಥ ಕಾರ್ಖಾನೆಗಳ ಸುತ್ತ ಬೆಳೆದ ಲೇಥುಗಳು, ಸೀಲ್ ಅಂಗಡಿಗಳು, ಸಿಲಿಂಡರ್ ಬಿಚ್ಚಿ ಜೋಡಿಸುವ ಫಿಟ್ಟರುಗಳು ಈ ಊರಿನ ಆಸ್ತಿ. ಹುಡ್‌ನ ಸಿಲಿಂಡರ್ ಅವರಿಗೆ ಗೊತ್ತಿರುವ ವಸ್ತುವಿನದೇ ಪುಟ್ಟ ರೂಪ. ನಮ್ಮ ಕಾರಿನವರು ಅದನ್ನು ಕಾರಿನ ಬಿಡಿಭಾಗ ಎಂದಷ್ಟೇ ನೋಡುತ್ತಾರೆ, ತೊಡಕು ಅಲ್ಲಿದೆ.

ಹಾಗೆಂದು ಲೇಥಿನವರೆಲ್ಲ ಬಲ್ಲರು ಎನ್ನಲಾರೆ. ಕೆಲವು ಸಿಲಿಂಡರುಗಳ ಬಾಯಿಯನ್ನು ಮಡಚಿ ಮುಚ್ಚಿರುತ್ತಾರೆ. ಅದನ್ನು ಹುಷಾರಾಗಿ ಕತ್ತರಿಸಿ, ಸೀಲ್ ಕೂರಿಸಿ, ಮತ್ತೆ ಭದ್ರವಾಗಿ ಮುಚ್ಚಬೇಕು. ರಾಡಿಗೆ ಗೀರು ಬಿದ್ದರೆ ಹೊಸ ಸೀಲೂ ಬಾಳದು. ಅಳತೆಯಷ್ಟೇ ಸಾಲದು, ಕಾರಿಗೆ ಕಂಪನಿ ಹೇಳಿದ ಎಣ್ಣೆಗೆ ಒಗ್ಗುವ ಸೀಲೇ ಬೇಕು. ಅಂಗಡಿಯಲ್ಲಿ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಉಳಿದ ಸೀಲುಗಳೂ ಕೆಡುತ್ತವೆ. ಕಂಪನಿಯಿಂದಲೇ ತರಿಸಿದರೆ ಗ್ಯಾರಂಟಿ ಎನ್ನುವವರ ಮಾತಿಗೂ ತೂಕವಿದೆ, ಕಾರು ಹೊಸದಿದ್ದರೆ. ಇಪ್ಪತ್ತು ವರ್ಷದ ಕಾರಿಗೆ ಆ ಮಾತು ಹೊಂದುವುದಿಲ್ಲ.

ಮಳೆಯ ವಾದಕ್ಕೆ ಬಿಎಂಡಬ್ಲ್ಯು ಜೆಡ್4ರ ಮೊದಲ ತಲೆಮಾರೇ ಉತ್ತರ. ಅದರ ಹುಡ್ ಮೋಟಾರು ಹಿಂಬದಿಯ ತಗ್ಗಿನಲ್ಲಿದೆ. ಅಲ್ಲಿನ ನೀರು ಹೊರಹೋಗುವ ಕೊಳವೆಗೆ ಎಲೆ, ಮಣ್ಣು ಕಟ್ಟಿಕೊಂಡರೆ ಮೋಟಾರು ನೀರಿನಲ್ಲಿ ಮುಳುಗಿ ಸಾಯುತ್ತದೆ. ಹುಡ್ ಮುಚ್ಚಿದ ಮಾತ್ರಕ್ಕೆ ಕೊಳವೆ ಸ್ವಚ್ಛವಾಗುವುದಿಲ್ಲ. ಮರದಡಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲೇ ಅದು ಬೇಗ ಕಟ್ಟುತ್ತದೆ. ಖಾನಾಪುರದ ಕಡೆ ಸುರಿಯುವ ಮಳೆಗಂತೂ ಜೂನ್‌ಗೆ ಮೊದಲೇ ಆ ಕೊಳವೆ ತೆಗೆದು ತೊಳೆಯಬೇಕು. ರಿಪೇರಿಗೆ ಹೇಗೂ ಬಿಚ್ಚಿದ್ದರೆ, ಮೋಟಾರನ್ನೇ ಡಿಕ್ಕಿಯೊಳಕ್ಕೆ, ಒಣ ಜಾಗಕ್ಕೆ ಎತ್ತಿ ಕೂರಿಸಿ. ಹೊರದೇಶದ ಮಾಲೀಕರು ಹೀಗೆ ಮಾಡಿಕೊಂಡು ಬಹಳ ಕಾಲವಾಯಿತು.