ಹಂಗಿಲ್ಲದ ಅರಿವು: ಎಡದೊರೆ ನಾಡಿನ ಕ್ರೈಸ್ತ ಶ್ರದ್ಧೆಯಲ್ಲಿ ಮಾನುಷ ದೋಷ ಮತ್ತು ದೈವಜ್ಞಾನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡದೊರೆ ನಾಡು ಅರಿವಿನ ಹುಡುಕಾಟಕ್ಕೆ ಹೆಸರಾದ ಸೀಮೆ. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಡದ ಮೇಲಿರುವ ಗೂಗಲ್ ಗ್ರಾಮವನ್ನು ಜನ ಅಲ್ಲಮಪ್ರಭುವಿನ ತಪೋಭೂಮಿಯೆಂದು ನಂಬಿ ನಡೆದುಕೊಳ್ಳುತ್ತಾರೆ. ಮಾನ್ವಿಯು ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರ ಊರು; ವಿಜಯದಾಸರು ಹುಟ್ಟಿದ ಚೀಕಲಪರವಿಯೂ ಅದೇ ಸೀಮೆಯದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಆಳ್ವಿಕೆಯ ಕಾಲದಿಂದ, ಅಂದರೆ 16ನೆಯ ಶತಮಾನದಿಂದ, ಗೋವೆಯ ಪಾದ್ರಿಗಳ ಮೂಲಕ ನೆಲೆಗೊಂಡ ಕ್ರೈಸ್ತ ಸಮುದಾಯವೊಂದಿದೆ. ಮುಂದೆ ರಾಯಚೂರು ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಮೆಥಡಿಸ್ಟ್ ಮಿಷನ್ನು ಕಾರ್ಯನಿರತವಾಯಿತು. ಶರಣರು, ದಾಸರು, ತತ್ವಪದಕಾರರು, ಮೊಹರಮ್ಮಿನ ರಿವಾಯತ ಪದಗಳು ಇವುಗಳ ಬಗೆಗೆ ಈ ಭಾಗದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಅದೇ ನೆಲದ ಕ್ರೈಸ್ತ ಶ್ರದ್ಧೆಯನ್ನು ಮಾತ್ರ ಹೊರಗಿನಿಂದ ಬಂದದ್ದೆಂದು ಬದಿಗಿಡುವ ರೂಢಿ ಜಾನಪದ ಅಧ್ಯಯನದಲ್ಲಿ ಬೆಳೆದಿದೆ. ದೋಷಯುಕ್ತನಾದ ಮನುಷ್ಯನು ದೈವಜ್ಞಾನವನ್ನು ಹೇಗೆ ಅರಸುತ್ತಾನೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಈ ರೂಢಿಯ ಮಿತಿ ಸ್ಪಷ್ಟವಾಗುತ್ತದೆ.

ಈ ಪ್ರಶ್ನೆಗೆ ಪ್ರವೇಶ ದೊರೆಯುವುದು ಭಾಷೆಯ ಮೂಲಕ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಅನುವಾದದಿಂದ 1831ರ ಹೊತ್ತಿಗೆ ಬೈಬಲ್ಲು ಕನ್ನಡದಲ್ಲಿ ಸಮಗ್ರವಾಗಿ ದೊರೆಯುವಂತಾಯಿತು. ಅನುವಾದಕರಿಗೆ ಕನ್ನಡದ ಮತೀಯ ಪದಕೋಶ ಖಾಲಿಯಾಗಿ ಸಿಕ್ಕಿರಲಿಲ್ಲ. ಇಂದು ಬಳಕೆಯಲ್ಲಿರುವ ಸತ್ಯವೇದದಲ್ಲಿ ದಾವೀದನ ಹಾಡುಗಳಿಗೆ ‘ಕೀರ್ತನೆಗಳು’ ಎಂಬ ಹೆಸರಿದೆ. ಅದು ದಾಸರ ಪದ. ಸೊಲೊಮೋನನ ನೀತಿವಾಕ್ಯಗಳಿಗೆ ‘ಜ್ಞಾನೋಕ್ತಿಗಳು’ ಎಂಬ ಹೆಸರಿದೆ. ಕಥೋಲಿಕರು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳನ್ನು ‘ತಪಸ್ಸುಕಾಲ’ವೆಂದೂ ಅದರ ಮೊದಲ ದಿನವನ್ನು ‘ವಿಭೂತಿ ಬುಧವಾರ’ವೆಂದೂ ಕರೆಯುತ್ತಾರೆ. ಶರಣರ ಅಷ್ಟಾವರಣದಲ್ಲಿ ವಿಭೂತಿಯು ಭಕ್ತನನ್ನು ಕಾಯುವ ಕವಚ. ಚರ್ಚಿನಲ್ಲಿ ಹಣೆಗೆ ಹಚ್ಚುವ ಬೂದಿಯು ಮನುಷ್ಯನು ಮಣ್ಣೆಂಬುದರ ನೆನಪು. ಪದ ಒಂದೇ ಆದರೂ ಅರ್ಥ ಬೇರೆ. ಆದರೆ ಎರಡನ್ನೂ ಬಲ್ಲ ಊರಿನಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳದೆ ಇರುವುದಿಲ್ಲ.

ಬೈಬಲ್ಲಿನ ಮೂರು ಕಥನಗಳು ಪ್ರಸ್ತುತ ಪ್ರಶ್ನೆಗೆ ಆಧಾರವಾಗಿವೆ. ಮೊದಲನೆಯದು ದಾವೀದನದು. ತನ್ನ ಸೈನಿಕನಾದ ಊರೀಯನ ಹೆಂಡತಿಯನ್ನು ಕೂಡಿ, ಆ ಸೈನಿಕನನ್ನು ಕೊಲ್ಲಿಸಿದ ಅರಸನಿಗೆ ಪ್ರವಾದಿ ನಾತಾನನು ನೇರವಾಗಿ ಬುದ್ಧಿ ಹೇಳುವುದಿಲ್ಲ. ಒಂದು ಕಥೆ ಹೇಳುತ್ತಾನೆ. ಹಿಂಡುಗಟ್ಟಲೆ ಕುರಿಗಳಿದ್ದ ಸಿರಿವಂತನು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ ಅದು. ಅರಸನು ಕೆರಳಿ ತೀರ್ಪು ಕೊಡುತ್ತಾನೆ. ಆ ಮನುಷ್ಯ ನೀನೇ ಎಂದು ಪ್ರವಾದಿ ತಿಳಿಸುತ್ತಾನೆ. ಇಲ್ಲಿ ದೋಷದ ಅರಿವನ್ನು ಮೂಡಿಸುವುದು ಕುರಿಗಾರರ ಬದುಕಿನಿಂದ ಎದ್ದ ಒಂದು ಕಥೆ. ಪರಂಪರೆಯು ಈ ಘಟನೆಗೆ ಜೋಡಿಸಿರುವ 51ನೆಯ ಕೀರ್ತನೆಯಲ್ಲಿ ತಪ್ಪೊಪ್ಪಿಗೆಯ ನಡುವೆಯೇ ಅಂತರಂಗದ ಜ್ಞಾನಕ್ಕಾಗಿ ಮೊರೆಯೂ ಬರುತ್ತದೆ. ಶುದ್ಧನಾದ ಮೇಲೆ ಜ್ಞಾನ ಎಂಬ ಕ್ರಮ ಅಲ್ಲಿಲ್ಲ. ತಪ್ಪನ್ನು ತಪ್ಪೆಂದು ಕಾಣುವುದೇ ಜ್ಞಾನದ ಮೊದಲ ಮೆಟ್ಟಿಲು.

ಎರಡನೆಯದು ಸೊಲೊಮೋನನದು. ಕನಸಿನಲ್ಲಿ ವರ ಕೇಳಲು ಅವಕಾಶ ದೊರೆತಾಗ ಅವನು ತನ್ನನ್ನು ಏನೂ ತಿಳಿಯದ ಬಾಲಕನೆಂದು ಹೇಳಿಕೊಂಡು, ಐಶ್ವರ್ಯ ಬಿಟ್ಟು ವಿವೇಕವನ್ನು ಬೇಡುತ್ತಾನೆ. ಉಪದೇಶಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಬೈಬಲ್ಲು ನಿಲ್ಲುವುದಿಲ್ಲ. ಜ್ಞಾನಿಯೆನಿಸಿದ ಅರಸನೇ ಜನರಿಂದ ಬಿಟ್ಟಿ ದುಡಿಸಿಕೊಂಡು ಕಟ್ಟಡಗಳನ್ನು ಎಬ್ಬಿಸಿದ್ದನ್ನೂ ಮುಪ್ಪಿನಲ್ಲಿ ದಾರಿ ತಪ್ಪಿದ್ದನ್ನೂ, ಅವನ ಮಗನೆದುರು ಪ್ರಜೆಗಳು ನೊಗದ ಭಾರವನ್ನು ಇಳಿಸೆಂದು ಬೇಡಿದ್ದನ್ನೂ ಅದು ದಾಖಲಿಸುತ್ತದೆ. ಜ್ಞಾನವು ಒಮ್ಮೆ ದೊರೆತರೆ ಶಾಶ್ವತವಾಗಿ ಉಳಿಯುವ ಆಸ್ತಿಯಲ್ಲ ಎಂಬುದು ಇದರ ತಾತ್ಪರ್ಯ. ಮೂರನೆಯದು ಪೇತ್ರನದು. ಕೋಳಿ ಕೂಗುವ ಮುನ್ನ ಮೂರು ಸಲ ಗುರುವನ್ನು ಅರಿಯೆನೆಂದ ಬೆಸ್ತನು ಬಿಕ್ಕಿ ಅತ್ತು, ಮುಂದೆ ಸಭೆಗೆ ಹಿರಿಯನಾಗುತ್ತಾನೆ. ಅವನ ಸೋಲನ್ನು ಸಭೆಯೇ ಮರೆಮಾಚದೆ ಓದಿಕೊಂಡು ಬಂದಿದೆ.

ಈ ಕಥನಗಳನ್ನು ಎಡದೊರೆ ನಾಡಿನ ಇತರ ಪರಂಪರೆಗಳ ಪಕ್ಕದಲ್ಲಿಟ್ಟು ನೋಡಿದಾಗ ಸಾಮ್ಯದಷ್ಟೇ ಭೇದವೂ ಮುಖ್ಯವೆನಿಸುತ್ತದೆ. ದಾಸರ ಕೀರ್ತನೆಗಳಲ್ಲಿ ಆತ್ಮನಿಂದೆ, ತಪ್ಪೊಪ್ಪಿಗೆ, ಕೃಪೆಯ ಬೇಡಿಕೆಗಳು ಹೇರಳವಾಗಿವೆ. ಜೀವನು ಪರಾಧೀನನೆಂಬ ನಿಲುವಿನಲ್ಲಿ ಅವು ಕ್ರೈಸ್ತ ಪ್ರಾರ್ಥನೆಗೆ ಹತ್ತಿರ. ಆದರೆ ದ್ವೈತ ದರ್ಶನದಲ್ಲಿ ಜೀವರ ನಡುವಣ ತಾರತಮ್ಯ ಸ್ವಭಾವಸಿದ್ಧವಾದುದು. ಕ್ರೈಸ್ತ ದೃಷ್ಟಿಯಲ್ಲಿ ದೋಷವು ಅರಸನಿಗೂ ಬೆಸ್ತನಿಗೂ ಸಮಾನ. ಅಲ್ಲಮನ ದಾರಿ ಇನ್ನೂ ದೂರದ್ದು. ಅಲ್ಲಿ ಅರಿವು ಬೇಡಿ ಪಡೆಯುವ ವಸ್ತುವಲ್ಲ. ಬೇಡುವವನು ಮತ್ತು ಕೊಡುವವನು ಎಂಬ ಎರಡು ಅಳಿದಾಗ ಉಳಿಯುವ ಸ್ಥಿತಿ. ಹೀಗಾಗಿ ಎಲ್ಲ ಮತಗಳ ಸಾರವೂ ಒಂದೇ ಎಂಬ ಸುಲಭ ಸಮನ್ವಯದ ಮಾತು ಯಾವ ಪರಂಪರೆಗೂ ನ್ಯಾಯ ಒದಗಿಸುವುದಿಲ್ಲ.

ಆದರೂ ಒಂದು ಪದದಲ್ಲಿ ಈ ಪರಂಪರೆಗಳು ಎದುರುಬದುರಾಗುತ್ತವೆ, ಅದು ‘ಹಂಗು’. ಜ್ಞಾನದಲ್ಲಿ ಕೊರತೆಯುಳ್ಳವನು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುವವನು ಎಂಬುದು ಯಾಕೋಬನ ಪತ್ರದ ಆಶಯ. ಹಂಗು ಎಂಬುದು ವಚನಕಾರರು ತೀವ್ರವಾಗಿ ನಿರಾಕರಿಸಿದ ಸಂಬಂಧ. ಜೀತ ಮತ್ತು ಸಾಲದ ವ್ಯವಸ್ಥೆಯಲ್ಲಿ ಬದುಕಿದ ಜನರಿಗೆ ಅದು ದಿನನಿತ್ಯದ ಅನುಭವ. ಕಣದಲ್ಲಿ ಅಳೆದುಕೊಟ್ಟ ಕಾಳು, ಕೈಗಡವಾಗಿ ಪಡೆದ ಹಣ ಎಲ್ಲವೂ ಕೊಟ್ಟವನ ಮಾತನ್ನು ತಲೆಬಾಗಿ ಕೇಳುವ ಷರತ್ತಿನೊಡನೆ ಬರುತ್ತಿದ್ದವು. ಅಂಥ ಕೇಳುಗನಿಗೆ ಹಂಗಿಲ್ಲದೆ ಕೊಡುವ ದೇವರೆಂಬ ಕಲ್ಪನೆ ಬರಿಯ ದೈವಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ. ಧಣಿಯ ಕೊಡುಗೆಯ ಮೇಲಿನ ಟೀಕೆಯೂ ಆಗುತ್ತದೆ. ಮೂಲಪಠ್ಯ ಉದ್ದೇಶಿಸದ ಈ ಅರ್ಥವನ್ನು ಕನ್ನಡದ ಪದವೇ ತಂದುಕೊಟ್ಟಿದೆ.

ಇಲ್ಲಿಯೇ ವಿಮರ್ಶೆಯ ಅಗತ್ಯವೂ ಇದೆ. ಈ ಭಾಗದಲ್ಲಿ ಕ್ರೈಸ್ತರಾದವರಲ್ಲಿ ದಲಿತ ಸಮುದಾಯಗಳವರು ಗಣನೀಯವಾಗಿದ್ದಾರೆ. ಅವರ ಮೇಲೆ ಸಮಾಜ ಹೊರಿಸಿದ್ದು ಮೈಲಿಗೆಯನ್ನು. ಅದು ಅವರು ಎಸಗಿದ ತಪ್ಪಲ್ಲ. ‘ನಾವೆಲ್ಲರೂ ಪಾಪಿಗಳು’ ಎಂಬ ಸಾಮಾನ್ಯ ಹೇಳಿಕೆಗೆ ಎರಡು ಮುಖಗಳಿವೆ. ದೋಷವನ್ನು ಎಲ್ಲರಿಗೂ ಸಮನಾಗಿ ಹಂಚುವುದರಿಂದ ಅದು ಹುಟ್ಟಿನ ಕಳಂಕವನ್ನು ಅಳಿಸುತ್ತದೆ. ಆದರೆ ತುಳಿದವನ ಪಾಪವನ್ನೂ ತುಳಿಸಿಕೊಂಡವನ ನೋವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅದೇ ಹೇಳಿಕೆ ಅನ್ಯಾಯಕ್ಕೆ ಮುಸುಕಾಗುತ್ತದೆ. ನಾತಾನನು ಬುದ್ಧಿ ಹೇಳಿದ್ದು ಕುರಿಮರಿ ಕಳೆದುಕೊಂಡ ಬಡವನಿಗಲ್ಲ, ಅರಸನಿಗೆ. ಮಿಷನರಿ ಬರಹಗಳಲ್ಲಿ ಸ್ಥಳೀಯರನ್ನು ‘ಅಜ್ಞಾನಿ’ಗಳೆಂದು ಕರೆಯುವ ಧಾಟಿ ಈ ವಿವೇಚನೆಯನ್ನು ಮರೆತಿತ್ತು. ಬೋಧಿಸುವವನ ದೋಷವನ್ನೂ ಎಣಿಕೆಗೆ ತಂದುಕೊಳ್ಳಬೇಕೆಂಬ ತನ್ನದೇ ಧರ್ಮಗ್ರಂಥದ ಪಾಠವನ್ನು ಅದು ಪಾಲಿಸಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ನೀಡಿದ ಉಪನ್ಯಾಸದಿಂದ ರೂಪುಪಡೆದ ದಲಿತ ದೈವಶಾಸ್ತ್ರವು ಈ ಕೊರತೆಯನ್ನು ಚರ್ಚಿನೊಳಗಿನಿಂದಲೇ ಪ್ರಶ್ನಿಸಿತು. 1950ರ ಪರಿಶಿಷ್ಟ ಜಾತಿಗಳ ಆದೇಶದ ವ್ಯಾಪ್ತಿ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದ ಮೇಲೂ ದಲಿತ ಕ್ರೈಸ್ತರು ಅದರ ಹೊರಗೇ ಉಳಿದಿರುವುದು, ದೋಷ ಮತ್ತು ಮೈಲಿಗೆಗಳ ಭೇದ ಇಂದಿಗೂ ಪ್ರಸ್ತುತವೆಂಬುದನ್ನು ತೋರಿಸುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಕಥೋಲಿಕ ಪೂಜೆ ಲ್ಯಾಟಿನ್ನಿನಿಂದ ಜನಭಾಷೆಗೆ ಬಂದುದು ಈ ದೃಷ್ಟಿಯಿಂದ ಮಹತ್ವದ ಘಟನೆ. ತಪ್ಪೊಪ್ಪಿಗೆಯ ಪ್ರಾರ್ಥನೆಯನ್ನು ಸಭೆಯು ಕನ್ನಡದಲ್ಲಿ ಒಟ್ಟಾಗಿ ಹೇಳುವಾಗ ಗುರುವೂ ಅದೇ ಮಾತನ್ನು ಹೇಳಬೇಕಾಗುತ್ತದೆ. ಅಕ್ಷರಸ್ಥ, ಅನಕ್ಷರಸ್ಥ ಎಂಬ ಭೇದ ಆ ಹೊತ್ತಿಗಾದರೂ ಹಿಂದೆ ಸರಿಯುತ್ತದೆ. ಹೀಗೆ ಬಾಯಿಂದ ಬಾಯಿಗೆ ಬಂದು ನೆನಪಿನಲ್ಲಿ ನಿಂತ ಪ್ರಾರ್ಥನೆ, ಭಜನೆ, ಕಥನಗಳು ಜಾನಪದದ ಸಾಮಗ್ರಿಯೇ ಹೌದು. ಅವುಗಳ ಸಂಗ್ರಹಕ್ಕೆ ತೊಡಗುವವರು ಬೈಬಲ್ಲಿನ ಪಠ್ಯಕ್ಕೆ ಅವು ಎಷ್ಟು ನಿಷ್ಠವಾಗಿವೆ ಎಂಬುದನ್ನಷ್ಟೇ ಅಳೆಯದೆ, ಯಾವ ಕಥೆಯನ್ನು ಜನ ಆಯ್ದುಕೊಂಡರು, ಯಾವುದನ್ನು ಕೈಬಿಟ್ಟರು, ಯಾವ ಪದಕ್ಕೆ ತಮ್ಮ ಬದುಕಿನ ಅರ್ಥ ತುಂಬಿದರು ಎಂಬುದನ್ನು ಪರಿಶೀಲಿಸಬೇಕಾಗಿದೆ.

ಒಟ್ಟಿನಲ್ಲಿ, ಕ್ರೈಸ್ತ ಶ್ರದ್ಧೆಯಲ್ಲಿ ದೈವಜ್ಞಾನವು ನಿರ್ದೋಷಿಗಳಿಗೆ ಸಲ್ಲುವ ಬಹುಮಾನವಲ್ಲ. ತನ್ನ ಕೊರತೆಯನ್ನು ಒಪ್ಪಿಕೊಂಡವನು ಕೇಳಿ ಪಡೆಯುವ, ಪಡೆದ ಮೇಲೂ ಕಳೆದುಕೊಳ್ಳಬಹುದಾದ ದಾನ. ಅಲ್ಲಮನ ಅರಿವನ್ನೂ ದಾಸರ ಮೊರೆಯನ್ನೂ ಬಲ್ಲ ಸೀಮೆಯಲ್ಲಿ ಇದು ಮೂರನೆಯ ದಾರಿಯಾಗಿ ಕನ್ನಡದಲ್ಲಿಯೇ ಬೇರೂರಿದೆ. ಅದನ್ನು ಅನ್ಯವೆಂದು ಬದಿಗಿಟ್ಟರೆ ಎಡದೊರೆ ನಾಡಿನ ಆಧ್ಯಾತ್ಮಿಕ ಚರಿತ್ರೆ ಅಪೂರ್ಣವಾಗಿಯೇ ಉಳಿಯುತ್ತದೆ.