ಇಟ್ಟಿಗೆ ಒಲೆಯ ದೋಣಿ

ವಾಷಿಂಗ್ಟನ್ನಿನ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿರುವ ‘ಫಿಲಡೆಲ್ಫಿಯಾ’ವನ್ನು ಬರೀ ದೋಣಿಯೆಂದು ನೋಡಿದರೆ ಮೆಚ್ಚುವಂಥದ್ದು ಹೆಚ್ಚಿಲ್ಲ. 53 ಅಡಿ ಉದ್ದ, 15 ಅಡಿ ಅಗಲ, ಚಪ್ಪಟೆ ತಳ, ಒಂದೇ ಹಾಯಿಕಂಬ. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧಕ್ಕೆಂದು ಅಮೆರಿಕನ್ನರು 1776ರ ಬೇಸಿಗೆಯಲ್ಲಿ ಸ್ಕೀನ್ಸ್‌ಬರೋ ಊರಿನಲ್ಲಿ ಹಸಿ ಓಕ್ ಮರದಿಂದ ಅವಸರವಾಗಿ ಕಟ್ಟಿದ್ದು. ಗಾಳಿ ಹಿಂದಿನಿಂದ ಬೀಸಿದರೆ ಹಾಯಿ, ಇಲ್ಲದಿದ್ದರೆ ಹುಟ್ಟು. ಮುಂದೊಂದು ದೊಡ್ಡ ತೋಪು, ಪಕ್ಕಗಳಲ್ಲಿ ಎರಡು ಚಿಕ್ಕವು.

ಇಷ್ಟರಲ್ಲಿ ಸುಮಾರು 44 ಜನ ಇದ್ದರು. ಕ್ಯಾಪ್ಟನ್ ಬೆಂಜಮಿನ್ ರೂ. ಉಳಿದವರಲ್ಲಿ ಹೆಚ್ಚಿನವರು ಕಾಲಾಳು ಪಡೆಗಳಿಂದ ಎತ್ತಿ ತಂದವರು, ನೀರಿನ ಕಸುಬು ಗೊತ್ತಿಲ್ಲದವರು. ಪಡೆಗಳವರು ತಮಗೆ ಬೇಡವಾದವರನ್ನೇ ಕಳಿಸಿದ್ದಾರೆಂದು ದೋಣಿಪಡೆಯ ಮುಖ್ಯಸ್ಥ ಬೆನೆಡಿಕ್ಟ್ ಆರ್ನಾಲ್ಡ್ ದೂರಿದ. ಆ ಮಾತು ನನಗೆ ಅನ್ಯಾಯವೆನಿಸುತ್ತದೆ. ಆಗಸ್ಟ್ ಕೊನೆಯಿಂದ ಷಾಂಪ್ಲೇನ್ ಸರೋವರವನ್ನು ಕಾದವರು ಇವರೇ. ಮಲಗಲು ಕೋಣೆಯಿಲ್ಲ, ಮೇಲೆ ಕ್ಯಾನ್ವಾಸ್ ಬಟ್ಟೆ, ಕೆಳಗೆ ಹಲಗೆ. ಉತ್ತರದ ಚಳಿ ಶುರುವಾದರೂ ಮೈತುಂಬ ಬಟ್ಟೆಯಿಲ್ಲ. ನಡುವೆ ಒಂದು ಇಟ್ಟಿಗೆ ಒಲೆ. ಅಡುಗೆಗೂ ಅದೇ, ಬೆಚ್ಚಗಾಗಲೂ ಅದೇ.

ಅಕ್ಟೋಬರ್ 11ರಂದು ವಾಲ್ಕೂರ್ ದ್ವೀಪದ ಬಳಿ ಬ್ರಿಟಿಷರೊಂದಿಗೆ ಕಾಳಗವಾಯಿತು. ಕತ್ತಲಾದ ಸ್ವಲ್ಪ ಹೊತ್ತಿಗೆ ಫಿಲಡೆಲ್ಫಿಯಾ ಮುಳುಗಿತು. ಕೆಲವೇ ದಿನಗಳಲ್ಲಿ ಆರ್ನಾಲ್ಡನ ಪಡೆಯ ಬಹುಪಾಲು ನಾಶವಾಯಿತು. ನೌಕಾ ಇತಿಹಾಸಕಾರ ಮಹಾನ್ ಈ ಸೋಲನ್ನೇ ಹೊಗಳಿದ: ಬ್ರಿಟಿಷರ ದಂಡಯಾತ್ರೆ ಒಂದು ವರ್ಷ ತಡವಾಯಿತು, 1777ರಲ್ಲಿ ಸಾರಟೋಗದಲ್ಲಿ ಅವರ ಸೈನ್ಯ ಶರಣಾಯಿತು ಎಂದು.

ಅವನ ಲೆಕ್ಕ ಸರಿ, ಆದರೆ ಶ್ರೇಯದ ಪಾಲು ಹಂಚಿದ ರೀತಿಯನ್ನು ನಾನು ಒಪ್ಪಲಾರೆ. ತಡವಾದದ್ದು ಕಾಳಗದ ದಿನವಲ್ಲ, ಅದಕ್ಕೂ ಮೊದಲು. ಸರೋವರದಲ್ಲಿ ಈ ದೋಣಿಗಳು ಸುಳಿದಾಡುತ್ತಿದ್ದವೆಂದೇ ಬ್ರಿಟಿಷ್ ಗವರ್ನರ್ ಕಾರ್ಲ್‌ಟನ್ ದೊಡ್ಡ ಹಡಗುಗಳಿಲ್ಲದೆ ಹೊರಡಲಿಲ್ಲ. ‘ಇನ್‌ಫ್ಲೆಕ್ಸಿಬಲ್’ ಹಡಗನ್ನು ಬಿಚ್ಚಿ, ಹೊಳೆಯ ಇಳುಕಲು ದಾಟಿಸಿ, ಸೇಂಟ್ ಜಾನ್ಸ್‌ನಲ್ಲಿ 28 ದಿನಗಳಲ್ಲಿ ಮತ್ತೆ ಜೋಡಿಸಬೇಕಾಯಿತು. ಅಷ್ಟರಲ್ಲಿ ಬೇಸಿಗೆ ಕಳೆದುಹೋಗಿತ್ತು. ಆ ತಡವನ್ನು ಗಳಿಸಿಕೊಟ್ಟದ್ದು ಒದ್ದೆ ಹಲಗೆಯ ಮೇಲೆ ಕೂತು ಕಾದವರ ಕಾವಲು. ಕಾಳಗ ನಡೆದದ್ದು ಒಂದು ಮಧ್ಯಾಹ್ನ, ಕಾವಲು ವಾರಗಟ್ಟಲೆ.

1935ರಲ್ಲಿ ಲೊರೆಂಜೊ ಹ್ಯಾಗ್ಲಂಡ್ ಎಂಬಾತ ದೋಣಿಯನ್ನು ನೀರಿನಿಂದ ಎತ್ತಿಸಿದಾಗ ತೋಪುಗಳ ಜೊತೆ ಅಡುಗೆ ಪಾತ್ರೆ, ಬೂಟು, ಬಟ್ಟೆಯ ಗುಂಡಿಗಳೂ ಸಿಕ್ಕವು. ಒಡಲಲ್ಲಿ ನಾಟಿದ್ದ 24 ಪೌಂಡಿನ ಗುಂಡೂ ಸಿಕ್ಕಿತು. ನೋಡುವವರ ಕಣ್ಣು ಸಹಜವಾಗಿಯೇ ಆ ಗುಂಡಿನ ಮೇಲೆ ನಿಲ್ಲುತ್ತದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಈ ದೋಣಿಯನ್ನು ನೋಡುವ ಅವಕಾಶ ಸಿಕ್ಕರೆ, ಗುಂಡಿಗಿಂತ ಮೊದಲು ಆ ಒಲೆಯ ಇಟ್ಟಿಗೆಗಳನ್ನು ನೋಡಿ.